ಅರೆಕ್ಷಣದ ಅಂತರ

ಬಾಲ್ಯದಲ್ಲಿ ತಂದೆಯವರ ಕೈಹಿಡಿದು ಲೋಕಿಕೆರೆಯಿಂದ ಹರಿಹರಕ್ಕೆ ಹೋಗುವುದೆಂದರೆ ನನಗೆ ಹಬ್ಬ. ಹೊಯ್ಸಳರ ದಂಡನಾಯಕ ಪೋಲಾಳ್ವನು 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಲ್ಲಿ ದರ್ಶನ ಮುಗಿಸಿ, ತುಂಗಭದ್ರೆಯ ದಂಡೆಯ ಮೇಲೆ ಸ್ವಲ್ಪ ಹೊತ್ತು ಕುಳಿತು ಬರುವುದು ನಮ್ಮ ವಾಡಿಕೆ. ಎದುರು ದಡದಲ್ಲಿ ಬಟ್ಟೆ ಒಗೆಯುವವರ ಸಾಲು. ಅವರನ್ನು ನೋಡುತ್ತಿದ್ದಾಗ ಒಂದು ದಿನ ನನಗೆ ವಿಚಿತ್ರವೊಂದು ಕಾಣಿಸಿತು. ಬಟ್ಟೆ ಕಲ್ಲಿಗೆ ಬಡಿದಾಗ ಸದ್ದಿಲ್ಲ; ಬಡಿದ ಬಟ್ಟೆಯನ್ನು ಮತ್ತೆ ಮೇಲೆತ್ತಿದಾಗ 'ಧಪ್' ಎಂದು ಸದ್ದು! ಕಲ್ಲು ಬಿಟ್ಟು ಗಾಳಿಗೆ ಬಡಿದರೆ ಸದ್ದಾಗುವುದೇ ಎಂದು ಬೆರಗಾಗಿ ತಂದೆಯವರನ್ನು ಕೇಳಿದೆ. ಅವರು ನಕ್ಕು, "ಸದ್ದೂ ಹೊಳೆ ದಾಟಿ ಬರಬೇಕಲ್ಲವೇನಪ್ಪಾ? ನಮ್ಮ ಹಾಗೆ ಅದಕ್ಕೂ ಹೊತ್ತು ಹಿಡಿಯುತ್ತದೆ" ಎಂದರು.

ಆ ಮಾತು ಅಂದಿಗೆ ಒಂದು ಚಮತ್ಕಾರದ ಮಾತಾಗಿ ಮಾತ್ರ ನನ್ನ ಕಿವಿಯಲ್ಲಿ ಉಳಿಯಿತು. ಅದರ ಪೂರ್ಣ ಅರ್ಥ ತಿಳಿಯಬೇಕಾದರೆ ನಾನು ಮೂವತ್ತಕ್ಕೂ ಹೆಚ್ಚು ವರ್ಷ ಮಕ್ಕಳಿಗೆ ಪಾಠ ಹೇಳಿ, ನಿವೃತ್ತನಾಗಿ, ಕೊನೆಗೆ ಒಬ್ಬ ಒಳ್ಳೆಯ ಗೆಳೆಯರೊಡನೆ ಜಗಳವಾಡಬೇಕಾಯಿತು.

ನಮ್ಮ ಊರಿನಲ್ಲಿ ಶನಿವಾರದ ಸಂಜೆಯ ಭಜನೆ ಬಹಳ ಹಳೆಯದು. ಆಂಜನೇಯನ ಗುಡಿಯ ಪ್ರಾಂಗಣದಲ್ಲಿ ಏಳೆಂಟು ಜನ ಕೂಡುತ್ತೇವೆ. ವಚನ, ತತ್ತ್ವಪದ, ದಾಸರ ಪದ, ಯಾವುದಾದರೂ ಸರಿ. ಕೈತಾಳ ನನ್ನದು. ಹಾರ್ಮೋನಿಯಂ ನನಗಿಂತ ಹತ್ತು ವರ್ಷ ಹಿರಿಯರಾದ ಗೆಳೆಯರೊಬ್ಬರದು. ಅವರು ದಾವಣಗೆರೆ ಹತ್ತಿಯ ಗಿರಣಿಗಳ ಊರೆಂದು ಹೆಸರಾಗಿದ್ದ ಕಾಲದಲ್ಲಿ ಹಗಲು ಗಿರಣಿಯಲ್ಲಿ ದುಡಿದು, ರಾತ್ರಿ ನಾಟಕಗಳಿಗೆ ಹಾರ್ಮೋನಿಯಂ ನುಡಿಸಿದವರು. ನಾಟಕದವರು ಹಾರ್ಮೋನಿಯಮ್ಮನ್ನು 'ಪೆಟ್ಟಿಗೆ' ಎಂದೇ ಕರೆಯುತ್ತಾರೆ. ಆದ್ದರಿಂದ ಊರಿಗೆಲ್ಲ ಅವರು ಪೆಟ್ಟಿಗೆ ಮಾಸ್ತರು. "ಪೆಟ್ಟಿಗೆಯವನು ರಂಗದ ಕಾಲಬುಡದಲ್ಲೇ ಕುಳಿತಿರಬೇಕು ಮೇಷ್ಟ್ರೇ, ನಟ ಹಾಡುವುದಕ್ಕೆ ಮುಂಚೆ ಅವನು ಉಸಿರು ತೆಗೆದುಕೊಳ್ಳುವುದನ್ನು ಕಾಣಬೇಕು" ಎಂದು ಅವರು ಹೇಳುತ್ತಿದ್ದರು. ಭಜನೆಯಲ್ಲಿಯೂ ಅವರು ನನ್ನ ಮೊಣಕಾಲಿಗೆ ತಾಗುವಷ್ಟು ಹತ್ತಿರದಲ್ಲಿಯೇ ಕೂರುತ್ತಿದ್ದರು. ಇಪ್ಪತ್ತು ವರ್ಷಗಳ ಆ ಸಹವಾಸದಲ್ಲಿ ತಾಳದ ವಿಷಯಕ್ಕೆ ನಮ್ಮಿಬ್ಬರ ನಡುವೆ ಒಂದು ಮಾತೂ ಬಂದುದಿಲ್ಲ.

2020ರ ಮಾರ್ಚ್ ತಿಂಗಳ ಆರಂಭದಲ್ಲಿ ಅವರು ಕಣ್ಣಿನ ಪೊರೆಯ ಚಿಕಿತ್ಸೆಗಾಗಿ ಬೆಂಗಳೂರಿನ ಮಗನ ಮನೆಗೆ ಹೋದರು. ಹದಿನೈದು ದಿನಗಳಲ್ಲಿ ಹಿಂದಿರುಗಬೇಕಾಗಿತ್ತು. ಅಷ್ಟರಲ್ಲಿ ಕೊರೊನಾ ಸಾಂಕ್ರಾಮಿಕ ಹಬ್ಬಿ, ಯುಗಾದಿಯ ದಿನವಾದ ಮಾರ್ಚ್ 25ರಿಂದ ದೇಶವೆಲ್ಲ ಬಾಗಿಲು ಹಾಕಿಕೊಂಡಿತು. ಬಸ್ಸಿಲ್ಲ, ರೈಲಿಲ್ಲ, ಗುಡಿಗೆ ಬೀಗ, ಭಜನೆ ನಿಂತಿತು. ಏಪ್ರಿಲ್ 2ರಂದು ಶ್ರೀರಾಮನವಮಿ. ಆ ದಿನದ ಭಜನೆಯನ್ನು ನಾವು ಒಂದು ವರ್ಷವೂ ತಪ್ಪಿಸಿದವರಲ್ಲ. ಮಾಸ್ತರೇ ದೂರವಾಣಿಯಲ್ಲಿ ಸೂಚಿಸಿದರು: "ಮುಖ ತೋರಿಸುವ ಮೊಬೈಲು ಇದೆಯಲ್ಲ ಮೇಷ್ಟ್ರೇ. ನೀವು ಅಲ್ಲಿಂದ ಹಾಡಿ, ನಾನು ಇಲ್ಲಿಂದ ನುಡಿಸುತ್ತೇನೆ."

ಸಂಜೆ ಮನೆಯ ಪಡಸಾಲೆಯಲ್ಲಿ ದೀಪ ಹಚ್ಚಿ, ಮೊಬೈಲನ್ನು ಗೋಡೆಗೆ ಒರಗಿಸಿ ಕುಳಿತೆ. ಮಾಸ್ತರ ಮುಖ ಕಂಡಿತು, ಕ್ಷೇಮಸಮಾಚಾರವೂ ಆಯಿತು. ಮಾತಿಗೆ ಯಾವ ತೊಡಕೂ ಇರಲಿಲ್ಲ. ಆದರೆ ಪದ ಎತ್ತಿಕೊಂಡು ನಾಲ್ಕು ಹೆಜ್ಜೆ ನಡೆಯುವುದರೊಳಗೆ ಎಲ್ಲವೂ ಅಸ್ತವ್ಯಸ್ತವಾಯಿತು. ನಾನು ತಾಳ ಹಾಕಿದರೆ ಅವರ ಸ್ವರ ತಾಳದ ಮೇಲೆ ಬೀಳದೆ ಎರಡು ತಾಳಗಳ ನಡುವೆ ಬಂದು ಬೀಳುತ್ತಿತ್ತು. ಅವರು ಹಿಂದಾದರೆಂದು ನಾನು ತುಸು ಕಾದೆ. ನಾನು ಕಾದುದು ಅವರಿಗೆ ಇನ್ನಷ್ಟು ತಡವಾಗಿ ಕೇಳಿ, ಅವರೂ ಕಾದರು. ಹೀಗೆ ಒಬ್ಬರಿಗಾಗಿ ಒಬ್ಬರು ಕಾಯುತ್ತ ಕಾಯುತ್ತ ಪದವು ಏರು ಹತ್ತುವ ಮುದಿ ಎತ್ತಿನಂತೆ ನಿಧಾನವಾಗಿ ಕೊನೆಗೆ ನಿಂತೇ ಹೋಯಿತು. ಮೂರು ಸಲ ಪ್ರಯತ್ನಿಸಿದೆವು. ಮೂರನೆಯ ಸಲ ನನ್ನ ತಾಳ್ಮೆ ತಪ್ಪಿತು.

"ಏನು ಮಾಸ್ತರೇ, ಊರು ಬಿಟ್ಟ ಮೇಲೆ ತಾಳವನ್ನೂ ಬಿಟ್ಟಿರೇನು?" ಎಂದುಬಿಟ್ಟೆ.

ಅವರ ಮುಖ ಸಣ್ಣದಾಯಿತು. "ತಾಳ ನಿಮ್ಮ ಕೈಯಲ್ಲಿದೆ ಮೇಷ್ಟ್ರೇ. ಮೊದಲು ನಿಮ್ಮ ಕೈ ನೋಡಿಕೊಳ್ಳಿ" ಎಂದು ಹೇಳಿ ಮೊಬೈಲು ಮುಚ್ಚಿದರು.

ಅರವತ್ತು ದಾಟಿದವನು, ಎಪ್ಪತ್ತು ದಾಟಿದವರಿಗೆ ಆಡಬಾರದ ಮಾತದು. ಜೀವನವಿಡೀ ಲಯವನ್ನೇ ನಂಬಿ ಬಾಳಿದ ಮನುಷ್ಯನಿಗೆ 'ನಿನಗೆ ಲಯವಿಲ್ಲ' ಎಂದರೆ ಇನ್ನೇನು ಉಳಿಯಿತು? ಇದೆಲ್ಲ ಅಂದೇ ನನಗೆ ಹೊಳೆಯಿತು. ಆದರೂ 'ತಪ್ಪು ಅವರದೇ. ನನ್ನ ಕಿವಿ ಸುಳ್ಳು ಹೇಳುವುದೇ?' ಎಂಬ ಹಟ ಬಿಡಲಿಲ್ಲ. ಮೂರು ವಾರಗಳು ಮಾತಿಲ್ಲದೆ ಕಳೆದವು.

ಎಂಜಿನಿಯರಿಂಗ್ ಓದುತ್ತಿದ್ದ ನನ್ನ ಮೊಮ್ಮಗಳು ಕಾಲೇಜು ಮುಚ್ಚಿದ್ದರಿಂದ ಮನೆಯಲ್ಲಿಯೇ ಇದ್ದಳು. ನನ್ನ ಮೌನವನ್ನು ಗಮನಿಸಿ ಕಾರಣ ಕೇಳಿದಳು. ಹೇಳಿದೆ. ಅವಳು ನಗಲಿಲ್ಲ. "ಅಜ್ಜಾ, ಕ್ರಿಕೆಟ್ ಪಂದ್ಯ ನೋಡುವಾಗ ಪಕ್ಕದ ಮನೆಯವರು ಸಿಕ್ಸರ್ ಎಂದು ಕೂಗಿದ ಎಷ್ಟೋ ಹೊತ್ತಿನ ಮೇಲೆ ನನ್ನ ಮೊಬೈಲಿನಲ್ಲಿ ಚೆಂಡು ಮೇಲೇರುತ್ತದೆ. ಅವರ ದೂರದರ್ಶನದ ಪೆಟ್ಟಿಗೆಯಲ್ಲಿ ಮೊದಲು, ನನ್ನ ಮೊಬೈಲಿನಲ್ಲಿ ಆಮೇಲೆ. ಆಟಗಾರ ಹೊಡೆದದ್ದು ಒಂದೇ ಸಲ ಅಲ್ಲವೇ? ನಿಮಗೂ ಮಾಸ್ತರಜ್ಜನಿಗೂ ಆದದ್ದು ಇದೇ" ಎಂದಳು.

ಅವಳೇ ಬೆಂಗಳೂರಿಗೆ ಕರೆ ಮಾಡಿ ಒಂದು ಪರೀಕ್ಷೆಯನ್ನು ಏರ್ಪಡಿಸಿದಳು. ನಾನು ಸೆಕೆಂಡಿಗೊಂದರಂತೆ ಒಂದೇ ಸಮನೆ ತಾಳ ಹಾಕುತ್ತ ಹೋಗಬೇಕು. ಯಾವ ಕಾರಣಕ್ಕೂ ಯಾರಿಗಾಗಿಯೂ ಕಾಯಬಾರದು. ಮಾಸ್ತರು ತಮಗೆ ಕೇಳಿದ ತಾಳಕ್ಕೆ ಸರಿಯಾಗಿ ಪೆಟ್ಟಿಗೆಯ ಮೇಲೆ ಬೆರಳು ತಟ್ಟಬೇಕು. ಎರಡನ್ನೂ ನಮ್ಮ ಮನೆಯಲ್ಲಿ ಧ್ವನಿಮುದ್ರಿಸಿ ಗಣಕಯಂತ್ರದ ಪರದೆಯ ಮೇಲೆ ಗೆರೆಗಳನ್ನಾಗಿ ತೋರಿಸಿದಳು. ನನ್ನ ತಾಳಗಳ ಗೆರೆಗಳು ಸಮನಾಗಿದ್ದವು. ಮಾಸ್ತರ ಗೆರೆಗಳೂ ಅಷ್ಟೇ ಸಮನಾಗಿದ್ದವು. ಆದರೆ ಅವರ ಪ್ರತಿಯೊಂದು ಗೆರೆಯೂ ನನ್ನದಕ್ಕಿಂತ ಅರ್ಧ ಸೆಕೆಂಡು ಹಿಂದೆ ಇತ್ತು! ಹೋಗುವುದಕ್ಕೆ ಕಾಲು ಸೆಕೆಂಡು, ಬರುವುದಕ್ಕೆ ಕಾಲು ಸೆಕೆಂಡು. ಇಬ್ಬರೂ ತಾಳ ತಪ್ಪಿರಲಿಲ್ಲ. ತಪ್ಪಿದ್ದುದು ನಡುವಿನ ದಾರಿ.

ಹರಿಹರದ ಹೊಳೆಯ ದಂಡೆ ನನ್ನ ಕಣ್ಣಮುಂದೆ ಬಂತು. ಕೂಡಲೇ ಮಾಸ್ತರನ್ನು ಕರೆಯಲು ಹೇಳಿದೆ. "ಮಾಸ್ತರೇ, ತಪ್ಪಾಯಿತು. ನಾನು ನಿಮ್ಮನ್ನು ಅಳೆಯಹೋದೆ, ನಡುವಿನ ಹೊಳೆಯನ್ನು ಅಳೆಯಲಿಲ್ಲ" ಎಂದೆ. ಅತ್ತ ಕಡೆಯಿಂದ ಸ್ವಲ್ಪ ಹೊತ್ತು ಉತ್ತರ ಬರಲಿಲ್ಲ. ಬಳಿಕ, "ಈ ತಡ ಮೊಬೈಲಿನದಲ್ಲ ಮೇಷ್ಟ್ರೇ, ನನ್ನದೇ. ನಾನೂ ಆ ದಿನ ಆಡಬಾರದ ಮಾತಾಡಿದೆ" ಎಂದರು.

ಇಷ್ಟಕ್ಕೇ ನಿಲ್ಲಿಸಬಹುದಾಗಿತ್ತು. ಆದರೆ ಪದ ಹಾಡಬೇಕೆಂಬ ಆಸೆ ಉಳಿದೇ ಇತ್ತಲ್ಲ! ಈ ಅಂತರವನ್ನು ಅಳಿಸುವುದು ಸಾಧ್ಯವೇ ಎಂದು ಮೊಮ್ಮಗಳನ್ನು ಕೇಳಿದೆ. "ಅಳಿಸಲಾಗದು ಅಜ್ಜಾ, ಕಡಿಮೆ ಮಾಡಬಹುದು" ಎಂದಳು. ಅಲ್ಲಿಂದ ಮೂರು ತಿಂಗಳು ನಾನು ಅವಳ ವಿದ್ಯಾರ್ಥಿಯಾದೆ. ಕಲಿತುದನ್ನು ನಿಮಗೂ ಹೇಳುತ್ತೇನೆ.

ಗಾಳಿಯಲ್ಲಿ ಸದ್ದು ಒಂದು ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುತ್ತದೆ. ಒಂದು ಸೆಕೆಂಡಿನ ಸಾವಿರದ ಒಂದು ಪಾಲನ್ನು ಮಿಲಿಸೆಕೆಂಡು ಎನ್ನುತ್ತಾರೆ. ಅಂದರೆ ಒಂದು ಮೀಟರ್ ದಾಟಲು ಸದ್ದಿಗೆ ಸುಮಾರು 3 ಮಿಲಿಸೆಕೆಂಡು ಬೇಕು. ಪಕ್ಕದಲ್ಲಿ ಕುಳಿತವರ ನಡುವೆಯೂ ಈ ತಡ ಇದ್ದೇ ಇದೆ. ನಮ್ಮ ಕಿವಿ ಅದನ್ನು ಲೆಕ್ಕಿಸುವುದಿಲ್ಲ. ಹತ್ತು ಮೀಟರ್ ದೂರ ಕುಳಿತರೆ ಸುಮಾರು 30 ಮಿಲಿಸೆಕೆಂಡು. ಅಲ್ಲಿಯವರೆಗೂ ಕೂಡಿ ಹಾಡಬಹುದು. ಅದನ್ನು ಮೀರಿದರೆ ತೊಡಕು. ನಮ್ಮಿಬ್ಬರ ನಡುವಿನ ಕಾಲು ಸೆಕೆಂಡು ಎಂದರೆ 250 ಮಿಲಿಸೆಕೆಂಡು. ಬಯಲಿನಲ್ಲಿ 85 ಮೀಟರ್ ದೂರ ಕುಳಿತು ಭಜನೆ ಮಾಡಿದ ಹಾಗೆ! ಮಾತುಕತೆಗೆ ಇಷ್ಟು ಕಟ್ಟುನಿಟ್ಟು ಬೇಕಿಲ್ಲ. ಒಮ್ಮುಖವಾಗಿ 150 ಮಿಲಿಸೆಕೆಂಡಿನವರೆಗಿನ ತಡ ಸಂಭಾಷಣೆಗೆ ಅಡ್ಡಿಯಾಗದೆಂದು ಅಂತರರಾಷ್ಟ್ರೀಯ ದೂರಸಂಪರ್ಕ ಒಕ್ಕೂಟ ಹೇಳುತ್ತದೆ. ಅದಕ್ಕಿಂತ ಹೆಚ್ಚಾದರೂ ನಾವು ಹೇಗೋ ಸಹಿಸಿಕೊಳ್ಳುತ್ತೇವೆ. ಮಾತಿನಲ್ಲಿ ಒಬ್ಬರಾದ ಮೇಲೆ ಒಬ್ಬರು. ಹಾಡಿನಲ್ಲಿ ಇಬ್ಬರೂ ಒಟ್ಟಿಗೆ. ವ್ಯತ್ಯಾಸವಿರುವುದು ಇಲ್ಲಿ.

ಊರಿನ ಜಾತ್ರೆಯ ಮೆರವಣಿಗೆಯಲ್ಲಿಯೂ ಇದನ್ನು ಕಾಣಬಹುದು. ಸಮಾಳ, ನಂದಿಕೋಲುಗಳ ಹಿಂದೆ ಹಾಡುವವರ ಸಾಲು ಉದ್ದವಾದಂತೆ ಮುಂದಿನವರಿಗೂ ಹಿಂದಿನವರಿಗೂ ಹೊಂದಿಕೆ ತಪ್ಪುತ್ತದೆ. ಆಗ ಹಿರಿಯರೊಬ್ಬರು ನಡುವೆ ನಿಂತು ಕೈಯನ್ನು ಮೇಲೆತ್ತಿ ತಾಳ ತೋರಿಸುತ್ತಿದ್ದರು. ಕಿವಿಗೆ ತಡವಾಗುವುದು ಕಣ್ಣಿಗೆ ತಡವಾಗದು. ಆದರೆ ಮೊಬೈಲಿನಲ್ಲಿ ಈ ಉಪಾಯವೂ ನಡೆಯದು. ಚಿತ್ರವೂ ಸದ್ದಿನಷ್ಟೇ, ಕೆಲವೊಮ್ಮೆ ಅದಕ್ಕಿಂತ ಹೆಚ್ಚಾಗಿ ತಡಮಾಡಿ ಬರುತ್ತದೆ.

ಲೋಕಿಕೆರೆಗೂ ಬೆಂಗಳೂರಿಗೂ ಇರುವ ದೂರವೇ ಈ ತಡಕ್ಕೆ ಕಾರಣವೆಂದು ನಾನು ತಿಳಿದಿದ್ದೆ. ಹಾಗಲ್ಲ. ಗಾಜಿನ ಎಳೆಯಲ್ಲಿ ಬೆಳಕು ಸೆಕೆಂಡಿಗೆ ಸುಮಾರು ಎರಡು ಲಕ್ಷ ಕಿಲೋಮೀಟರ್ ಓಡುತ್ತದೆ. ದಾವಣಗೆರೆಯಿಂದ ಬೆಂಗಳೂರಿಗೆ ಸುಮಾರು 260 ಕಿಲೋಮೀಟರ್. ಅಷ್ಟು ದೂರಕ್ಕೆ ಅದಕ್ಕೆ ಬೇಕಾದುದು ಎರಡು ಮಿಲಿಸೆಕೆಂಡಿಗೂ ಕಡಿಮೆ. ಹಾಗಾದರೆ ಉಳಿದ ಹೊತ್ತೆಲ್ಲ ಎಲ್ಲಿ ಹೋಯಿತು? ಹಿಂದಿನ ಕಾಲದಲ್ಲಿ ಸರಕಿನ ಬಂಡಿಗಳು ದಾರಿಗಿಂತ ಹೆಚ್ಚಾಗಿ ಸುಂಕದ ಕಟ್ಟೆಗಳಲ್ಲಿ ಹೊತ್ತು ಕಳೆಯುತ್ತಿದ್ದವಂತೆ. ಸದ್ದಿನ ಕಥೆಯೂ ಹಾಗೆಯೇ.

ಮೊದಲನೆಯ ಕಟ್ಟೆ ನಮ್ಮ ಮನೆಯ ಯಂತ್ರದೊಳಗೇ ಇದೆ. ಗಣಕಯಂತ್ರವು ಸದ್ದನ್ನು ಸೆಕೆಂಡಿಗೆ 48,000 ಸಲ ಅಳೆದು ಅಂಕಿಗಳನ್ನಾಗಿ ಮಾಡುತ್ತದೆ. ಆ ಅಂಕಿಗಳನ್ನು ಒಂದೊಂದಾಗಿ ಕಳುಹಿಸದೆ ಕಟ್ಟು ಕಟ್ಟಿ ಕಳುಹಿಸುತ್ತದೆ. ನಮ್ಮ ದಾವಣಗೆರೆ ದಾರಿಯ ಟೆಂಪೊವನ್ನು ನೆನೆಯಿರಿ. ಸೀಟು ತುಂಬುವವರೆಗೆ ಅದು ಹೊರಡದು. 1024 ಅಂಕಿಗಳ ಕಟ್ಟಾದರೆ ತುಂಬಲು 21 ಮಿಲಿಸೆಕೆಂಡು ಬೇಕು. 128 ಅಂಕಿಗಳದಾದರೆ ಮೂರು ಮಿಲಿಸೆಕೆಂಡೂ ಬೇಡ. ದೊಡ್ಡ ಟೆಂಪೊ ಬಿಟ್ಟು ಚಿಕ್ಕ ಆಟೊ ಹಿಡಿದಂತೆ. ಮೊಮ್ಮಗಳು ಕಟ್ಟನ್ನು ಚಿಕ್ಕದು ಮಾಡಿದಳು.

ಎರಡನೆಯದು ಯಂತ್ರದ ಅತಿ ಬುದ್ಧಿವಂತಿಕೆ. ಮಾತಿಗೆಂದು ರೂಪಿಸಿದ ವ್ಯವಸ್ಥೆಗಳು ಪ್ರತಿಧ್ವನಿಯನ್ನೂ ಗದ್ದಲವನ್ನೂ ಅಳಿಸಲು ಸದ್ದನ್ನು ಪರಿಶೀಲಿಸುತ್ತವೆ. ಅದಕ್ಕೂ ಹೊತ್ತು ಬೇಕು. ಸಾಲದುದಕ್ಕೆ, ಒಂದೇ ಸಮನೆ ಮೊಳಗುವ ಹಾರ್ಮೋನಿಯಮ್ಮಿನ ಶ್ರುತಿಯನ್ನು ಬೀಸಣಿಗೆಯ ಗದ್ದಲವೆಂದೇ ಬಗೆದು ಅದು ಅಳಿಸಿಹಾಕುತ್ತಿತ್ತು! ಮಾಸ್ತರಿಗೆ ಇದನ್ನು ತಿಳಿಸಿದಾಗ, "ಐವತ್ತು ವರ್ಷ ನುಡಿಸಿದ್ದಕ್ಕೆ ಒಳ್ಳೆಯ ಬಹುಮಾನ" ಎಂದು ನಕ್ಕರು. ಇಬ್ಬರೂ ಕಿವಿಗೆ ಹೆಡ್‌ಫೋನ್ ಹಾಕಿಕೊಂಡರೆ ಪ್ರತಿಧ್ವನಿಗೆ ಅವಕಾಶವಿಲ್ಲ. ಆಗ ಈ ಪರಿಶೀಲನೆಯನ್ನು ನಿಲ್ಲಿಸಿಬಿಡಬಹುದು. ಆದರೆ ಅದು ತಂತಿಯುಳ್ಳ ಹೆಡ್‌ಫೋನೇ ಆಗಿರಬೇಕು. ತಂತಿಯಿಲ್ಲದ ಬ್ಲೂಟೂತ್ ಸಾಧನ ಒಂದೇ ನೂರು ಮಿಲಿಸೆಕೆಂಡಿಗೂ ಹೆಚ್ಚು ತಡ ಮಾಡಬಲ್ಲದು. ಮಗ ಪ್ರೀತಿಯಿಂದ ಕೊಡಿಸಿದ್ದ ಬ್ಲೂಟೂತನ್ನು ಮಾಸ್ತರು ಪೆಟ್ಟಿಗೆಗೆ ಸೇರಿಸಿ ಇಪ್ಪತ್ತು ವರ್ಷ ಹಳೆಯ ತಂತಿಯದನ್ನು ಹೊರತೆಗೆದರು.

ಮೂರನೆಯದು ದಾರಿಯ ಏರುಪೇರು. ಕಟ್ಟುಗಳು ಒಂದೇ ಅಂತರದಲ್ಲಿ ಬಂದು ತಲುಪುವುದಿಲ್ಲ. ಕೆಲವು ಬೇಗ, ಕೆಲವು ತಡ. ಮಕ್ಕಳೆಲ್ಲ ಬರಲೆಂದು ಬೆಳಗಿನ ಪ್ರಾರ್ಥನೆಯನ್ನು ಮುಖ್ಯೋಪಾಧ್ಯಾಯರು ತುಸು ತಡೆಹಿಡಿಯುವಂತೆ, ಯಂತ್ರವೂ ಕೆಲವು ಕಟ್ಟುಗಳನ್ನು ಕೂಡಿಟ್ಟುಕೊಂಡು ಕಾಯುತ್ತದೆ. ದಾರಿ ಎಷ್ಟು ಸಮನಾಗಿದ್ದರೆ ಕಾಯುವುದು ಅಷ್ಟು ಕಡಿಮೆ. ಕಾಯುವುದನ್ನು ಅತಿಯಾಗಿ ಇಳಿಸಿದರೆ ತಡವಾಗಿ ಬಂದ ಕಟ್ಟುಗಳು ಹೊರಗೇ ಉಳಿದು ಹಾಡು ಚಟಪಟ ಎಂದು ಒಡೆಯುತ್ತದೆ. ಮೊಬೈಲಿನ ಸಂಕೇತ ನಮ್ಮಲ್ಲಿ ಗಾಳಿಗೆ ಓಲಾಡುವ ದೀಪದಂತಿತ್ತು. ಜೂನ್ ತಿಂಗಳಲ್ಲಿ ಗಾಜಿನ ಎಳೆಯ ತಂತಿ ಮನೆಗೆ ಬಂದಿತು. ಅದರ ಪೆಟ್ಟಿಗೆಯಿಂದ ಗಣಕಯಂತ್ರದವರೆಗೂ ವೈಫೈ ಬಿಟ್ಟು ತಂತಿಯನ್ನೇ ಎಳೆದೆವು. ಚಿತ್ರವನ್ನು ನಿಲ್ಲಿಸಿ ಸದ್ದೊಂದಕ್ಕೇ ದಾರಿ ಬಿಟ್ಟೆವು.

ನಾಲ್ಕನೆಯದು ಸದ್ದುಗಳು ಕೂಡುವ ಸ್ಥಳ. ಎಲ್ಲರ ಸದ್ದನ್ನೂ ಒಂದೆಡೆ ಬೆರೆಸಿ ಹಂಚುವ ಯಂತ್ರ ದೂರದ ದೇಶದಲ್ಲಿದ್ದರೆ ನೆರೆಯವರ ಹಾಡೂ ಸಮುದ್ರ ದಾಟಿ ಬರಬೇಕಾಗುತ್ತದೆ. ಕೂಡಿ ನುಡಿಸುವವರಿಗೆಂದೇ ಜರ್ಮನಿಯ ಫೋಲ್ಕರ್ ಫಿಶರ್ ಎಂಬವರು 2006ರಲ್ಲಿ ಆರಂಭಿಸಿದ 'ಜಾಮುಲಸ್' ಎಂಬ ಉಚಿತ ತಂತ್ರಾಂಶವಿದೆ. ಅದರಲ್ಲಿ ಈ ಕೂಡುವ ಸ್ಥಳವನ್ನು ನಾವೇ ಏರ್ಪಡಿಸಿಕೊಳ್ಳಬಹುದು. ಮಾಸ್ತರ ಮಗನ ಮನೆಯ ಗಣಕಯಂತ್ರವೇ ನಮ್ಮ ಗುಡಿಯ ಪ್ರಾಂಗಣವಾಯಿತು.

ಹೀಗೆ ಒಂದೊಂದು ಕಟ್ಟೆಯಲ್ಲಿ ಇಷ್ಟಿಷ್ಟು ಉಳಿಸಿ ಅಳೆದು ನೋಡಿದಾಗ, ಒಮ್ಮುಖದ ತಡ 250ರಿಂದ ಸುಮಾರು 35 ಮಿಲಿಸೆಕೆಂಡಿಗೆ ಇಳಿದಿತ್ತು. 85 ಮೀಟರ್ ದೂರದಲ್ಲಿದ್ದ ಮಾಸ್ತರು 12 ಮೀಟರ್ ಹತ್ತಿರಕ್ಕೆ ಬಂದಿದ್ದರು. ಪ್ರಾಂಗಣದ ಆ ತುದಿಗೆ ಒಬ್ಬರು, ಈ ತುದಿಗೆ ಒಬ್ಬರು.

ಉಳಿದ ಆ ಹನ್ನೆರಡು ಮೀಟರನ್ನು ಯಂತ್ರ ದಾಟಿಸಲಿಲ್ಲ, ನಾವೇ ದಾಟಬೇಕಾಯಿತು. ವಿಳಂಬ ಲಯದ ಪದಗಳನ್ನೇ ಆರಿಸಿಕೊಂಡೆವು. ತಾಳ ಹಿಡಿದವನು ಇನ್ನೊಬ್ಬರಿಗಾಗಿ ಕಾಯಬಾರದು, ನಡೆಯುತ್ತಲೇ ಇರಬೇಕು. ಸ್ವರ ಹಿಡಿದವರು ತಾಳವನ್ನು ನಂಬಿ ಬರಬೇಕು ಎಂದು ಗೊತ್ತುಮಾಡಿಕೊಂಡೆವು. ಒಬ್ಬರು ಹೇಳಿಕೊಟ್ಟ ಸಾಲನ್ನು ಇನ್ನೊಬ್ಬರು ಮರಳಿ ಹಾಡುವ ಪದಗಳು ಬಹಳ ಸುಲಭವಾಗಿ ಒದಗಿದವು. ಭಜನೆಯ ಈ ಹಳೆಯ ಕ್ರಮದಲ್ಲಿ ತಡಕ್ಕೂ ಒಂದು ಮಣೆ ಹಾಕಿಟ್ಟಿದ್ದಾರೆಂದು ನನಗೆ ಆಗ ಹೊಳೆಯಿತು.

ಶ್ರಾವಣದ ಮೊದಲ ಶನಿವಾರ ರಾತ್ರಿ ಒಂದು ತತ್ತ್ವಪದವನ್ನು ಆರಂಭದಿಂದ ಮಂಗಳದವರೆಗೆ ನಿಲ್ಲಿಸದೆ ಹಾಡಿದೆವು. ಮುಗಿದ ಮೇಲೆ ಇಬ್ಬರೂ ಮಾತನಾಡಲಿಲ್ಲ. ಹೆಡ್‌ಫೋನಿನಲ್ಲಿ ಮಾಸ್ತರು ಪೆಟ್ಟಿಗೆಯ ಗಾಳಿಯನ್ನು ಮೆಲ್ಲನೆ ಬಿಡುವ ಸದ್ದು ಮಾತ್ರ ಕೇಳಿಸಿತು.

ನಿಮಗೆ ಒಂದು ಮಾತನ್ನು ಹೇಳಬೇಕು. ಆ ದಿನಗಳಲ್ಲಿ ಹತ್ತಾರು ಗಾಯಕರು ತಮ್ಮ ತಮ್ಮ ಮನೆಗಳಿಂದ ಒಟ್ಟಿಗೆ ಹಾಡುವ ಚಿತ್ರಗಳು ಬಹಳ ಬಂದವು. ಅವುಗಳಲ್ಲಿ ಹೆಚ್ಚಿನವು ಏಕಕಾಲದ ಹಾಡುಗಳಲ್ಲ; ಒಬ್ಬೊಬ್ಬರು ಬೇರೆ ಬೇರೆಯಾಗಿ ಹಾಡಿ ಕಳುಹಿಸಿದುದನ್ನು ಅನಂತರ ಜೋಡಿಸಿದವು. ಅದೂ ಒಂದು ಕೌಶಲವೇ. ಆದರೆ ಅಲ್ಲಿ ಒಬ್ಬರ ಉಸಿರಿಗೆ ಇನ್ನೊಬ್ಬರು ಓಗೊಡುವುದಿಲ್ಲ. ಇನ್ನು ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿರುವ ಮೊಮ್ಮಕ್ಕಳೊಡನೆ ಹೀಗೆ ಹಾಡಬೇಕೆಂದರೆ, ನಡುವಿನ ಸುಮಾರು 14,000 ಕಿಲೋಮೀಟರನ್ನು ದಾಟಲು ಗಾಜಿನ ಎಳೆಯೊಳಗಿನ ಬೆಳಕಿಗೇ 70 ಮಿಲಿಸೆಕೆಂಡು ಬೇಕು. ಅದನ್ನು ಯಾವ ಯಂತ್ರವೂ ಇಳಿಸಲಾರದು. ಅಷ್ಟು ದೂರದವರೊಡನೆ ಒಬ್ಬರಾದ ಮೇಲೆ ಒಬ್ಬರು ಹಾಡುವುದೇ ದಾರಿ.

2021ರ ಜನವರಿಯಲ್ಲಿ ಮಾಸ್ತರು ಊರಿಗೆ ಮರಳಿದರು. ಗುಡಿಯ ಬೀಗ ತೆರೆದಿತ್ತು. ಆದರೂ ನಾಲ್ಕೇ ಜನ ಸೇರಿ, ಮುಖಕ್ಕೆ ಬಟ್ಟೆ ಕಟ್ಟಿಕೊಂಡು, ದೂರ ದೂರ ಕುಳಿತೆವು. ನಾನು ಕೈತಾಳವನ್ನು ಎತ್ತಿಕೊಂಡೆ. ಮಾಸ್ತರು ನಮ್ಮಿಬ್ಬರ ನಡುವಿನ ನೆಲವನ್ನು ಒಮ್ಮೆ ಕಣ್ಣಿನಲ್ಲಿಯೇ ಅಳೆದು, ಪೆಟ್ಟಿಗೆಯ ಮೇಲೆ ಬೆರಳಿಟ್ಟು ಹೇಳಿದರು:

"ಇಲ್ಲಿಯೂ ಆರು ಮಿಲಿಸೆಕೆಂಡು ಇದೆ ಮೇಷ್ಟ್ರೇ. ನೀವು ಕಾಯಬೇಡಿ, ನಡೆಯಿರಿ. ನಾನು ಬರುತ್ತೇನೆ."